ಗೋಡೆಯಾಚೆಯ ಎಂಟು ಹೆಜ್ಜೆ

ಹೋದ ವಾರ ಕಲ್ಲಾಂಗ್ ಹತ್ತಿರ, ತಿಂಡಿ ಅಂಗಡಿಗಳು ಸಾಲಾಗಿರುವ ಹಾಕರ್ ಸೆಂಟರೊಂದರಲ್ಲಿ ಐಸ್ ಕಚಾಂಗ್ ಅಂಗಡಿಯ ಮುಂದೆ ನಿಂತಿದ್ದೆ. ಯಂತ್ರದ ಅಲಗಿಗೆ ಮಂಜುಗಡ್ಡೆಯ ತುಂಡು ತಗುಲಿ ಬಿಳಿ ಹುಡಿ ಬಟ್ಟಲಿಗೆ ಉದುರತೊಡಗಿತು. ಕೆಂಪು, ಹಸಿರು ಪಾಕ ಸುರಿಯುವ ಮೊದಲಿನ ಆ ಅರೆಗಳಿಗೆಯಲ್ಲಿ ಒದ್ದೆ ಕಬ್ಬಿಣದ ವಾಸನೆ ಬಂತು. ನಾನು ಐಸ್ ಅಂಕಲ್ ಎನ್ನುತ್ತಿದ್ದವರ ಅಂಗಿಯಿಂದ ಬರುತ್ತಿದ್ದ ವಾಸನೆ...

ವಾಸನೆ ಬಡಿದೊಡನೆ ಇಡೀ ಹಳೆಯ ಕಾಲ ಕಣ್ಣೆದುರು ನಿಂತಿತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನ್ನ ನೆನಪು ನೋಡದ್ದನ್ನು ಸೇರಿಸುತ್ತದೆ, ಬೇಡದ್ದನ್ನು ಸದ್ದಿಲ್ಲದೆ ಬಿಡುತ್ತದೆ. ಹಾಗಾಗಿ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳಿಬಿಡುತ್ತೇನೆ. ಅಂಕಲ್‌ಗೆ ಸುಳ್ಳು ಆಗುತ್ತಿರಲಿಲ್ಲ. ನೋಡಿ, ಇಲ್ಲೇ ತಪ್ಪಿದೆ: ತಾವು ಕೆಲಸ ಮಾಡುತ್ತಿದ್ದ ಸ್ಕೇಟಿಂಗ್ ರಿಂಕ್‌ನ ಮ್ಯಾನೇಜರ್‌ಗೆ ಅವರು ದಿನಕ್ಕೊಂದು ಸುಳ್ಳು ಹೇಳುತ್ತಿದ್ದರು.

ವರ್ಷವಿಡೀ ಸೆಕೆಯಿರುವ ಈ ದ್ವೀಪದೇಶದಲ್ಲಿ ಆಗ ನಾನು ಒನ್-ನಾರ್ತ್ ಎಂಬ ಬಡಾವಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಊರಿನ ತುಂಬ ಕ್ರೇನುಗಳು ಎದ್ದಿದ್ದ ವರ್ಷಗಳು ಅವು. ಐಸ್ ಅಂಕಲ್ ನಾನಿದ್ದ ವಸತಿ ಬ್ಲಾಕ್‌ನಲ್ಲಿ ನನ್ನ ಮನೆಯಿಂದ ಎರಡು ಮಹಡಿ ಮೇಲಿದ್ದರು. ಮೈಸೂರಿನವರು, ರೆಫ್ರಿಜರೇಶನ್ ಇಂಜಿನಿಯರ್. ಹಡಗಿನ ಮೀನಿನ ಕೋಣೆಗಳನ್ನು ತಣ್ಣಗಿಡುವ ಕೆಲಸಕ್ಕೆಂದು ಬಂದು, ಕೊನೆಗೆ ಕಲ್ಲಾಂಗ್‌ನ ಒಂದು ಹಳೆಯ ಕಟ್ಟಡದಲ್ಲಿದ್ದ ಸ್ಕೇಟಿಂಗ್ ರಿಂಕ್‌ನ ಮಂಜುಗಡ್ಡೆ ನೋಡಿಕೊಳ್ಳುತ್ತಿದ್ದರು. ನಾನು ಫೋನಿನಲ್ಲಿ ಅಮ್ಮನೊಡನೆ ಮಾತಾಡುವುದನ್ನು ಲಿಫ್ಟ್‌ನಲ್ಲಿ ಕೇಳಿಸಿಕೊಂಡು, ಪರಿಚಯಕ್ಕೂ ಮೊದಲೇ ಒಂದು ಕೆಲಸ ಒಪ್ಪಿಸಿದರು.

"ವಿಡಿಯೋ ಕ್ಯಾಮೆರಾ ಇದೆಯೇನಪ್ಪಾ? ಶನಿವಾರ ಬೆಳಗ್ಗೆ ಫ್ರೀ ಇದ್ರೆ ಬಾ. ನ್ಯಾಷನಲ್ ಟೀಮ್ ಪ್ರಾಕ್ಟೀಸ್ ರೆಕಾರ್ಡ್ ಮಾಡ್ಬೇಕು."

"ಯಾವ ನ್ಯಾಷನಲ್ ಟೀಮ್ ಅಂಕಲ್?"

"ಐಸ್ ಹಾಕಿ."

ನಾನು ನಕ್ಕೆ. ಅವರು ನಗಲಿಲ್ಲ. "ರಾಗಿ ಬೆಳೆಯೋ ಸೀಮೆಯವನು ಐಸ್ ಬೆಳೀಬಾರ್ದಾ? ಈ ಊರಲ್ಲಿ ಯಾವ್ದಯ್ಯಾ ಇಲ್ಲೇ ಹುಟ್ಟಿದ್ದು? ಸಮುದ್ರ ತುಂಬಿಸಿದ ಮರಳೂ ಹೊರಗಿಂದ್ಲೇ ಬಂದಿದ್ದು, ನೀನೂ ಹೊರಗಿಂದ್ಲೇ ಬಂದಿದ್ದು."

ಅವರು ಮಂಜುಗಡ್ಡೆಯನ್ನು 'ಬೆಳೆಯುವುದು' ಎಂದೇ ಹೇಳುತ್ತಿದ್ದರು. ತಣ್ಣನೆಯ ಪೈಪುಗಳ ಮೇಲಿನ ಸಿಮೆಂಟ್ ನೆಲಕ್ಕೆ ಹೋಸ್ ಹಿಡಿದು ತೆಳುವಾಗಿ ನೀರು ಚಿಮುಕಿಸಿ, ಅದು ಗಟ್ಟಿಯಾದ ಮೇಲೆ ಆಟದ ಗೆರೆಗಳನ್ನು ಬಣ್ಣದಲ್ಲಿ ಬರೆದು, ಅದರ ಮೇಲೆ ಮತ್ತೆ ನೀರು, ಮತ್ತೆ ನೀರು. ಹುಟ್ಟುಹಬ್ಬದ ಪಾರ್ಟಿಗಳಿಗೆ ಹಾಕಿ ಗೆರೆಗಳು ಬೇಡ, ನಗುವ ಪೆಂಗ್ವಿನ್ ಬರೆಯಿರಿ ಎಂದು ಮ್ಯಾನೇಜರ್ ಹೇಳುತ್ತಿದ್ದ. ಬಣ್ಣ ಒಣಗಿಲ್ಲ, ಪೆಂಗ್ವಿನ್‌ನ ಅಚ್ಚು ಕಳೆದುಹೋಗಿದೆ, ಈ ನೀರಿನಲ್ಲಿ ಹಳದಿ ನಿಲ್ಲುವುದಿಲ್ಲ: ಅಂಕಲ್ ಹೇಳುತ್ತಿದ್ದ ಸುಳ್ಳುಗಳು ಇವೇ. ನಾನು ನೋಡಿದಷ್ಟು ಕಾಲ ಅಲ್ಲಿ ಪೆಂಗ್ವಿನ್ ಬರಲಿಲ್ಲ.

ತಂಡದ ಚರಿತ್ರೆ ಎಲ್ಲೂ ಬರೆದಿರಲಿಲ್ಲ, ಅಂಕಲ್ ಬಾಯಲ್ಲಿತ್ತು. ವಿದೇಶದಲ್ಲಿ ಓದಿ ಬಂದ ನಾಲ್ವರು ಪೆಟ್ಟಿಗೆಯಲ್ಲಿ ಸ್ಕೇಟ್ಸ್ ತಂದರು, ಅಲ್ಲಿಂದ ಶುರು ಎನ್ನುವರು ಒಮ್ಮೆ. ಇನ್ನೊಮ್ಮೆ, ಕಾರ್ ಪಾರ್ಕಿನಲ್ಲಿ ಗಾಲಿಯ ಸ್ಕೇಟ್ಸ್ ಕಟ್ಟಿಕೊಂಡು ಟೆನಿಸ್ ಚೆಂಡು ಹೊಡೆಯುತ್ತಿದ್ದ ಹುಡುಗರಿಂದ. ಮತ್ತೊಮ್ಮೆ, ಇಲ್ಲಿಗೆ ಕೆಲಸಕ್ಕೆ ಬಂದ ಕೆನಡಾದವರಿಗೆ ಸೋಲಿಸಲು ಯಾರಾದರೂ ಬೇಕಾಗಿತ್ತು, ಅದಕ್ಕೇ ಈ ತಂಡ ಹುಟ್ಟಿತು. ಯಾವುದು ನಿಜ ಎಂದು ಕೇಳಿದೆ.

"ಮೂರೂ. ಒಂದೇ ಪಂಪ್ ಮೇಲೆ ಯಾವ ಪ್ಲಾಂಟೂ ನಡೆಸ್ಬಾರ್ದಪ್ಪ. ಒಂದು ಕೆಟ್ರೆ ಇನ್ನೊಂದು ಇರ್ಬೇಕು."

ಆ ತಂಡವನ್ನು ನಾನು ಕ್ಯಾಮೆರಾದ ಕಿಂಡಿಯಿಂದಲೇ ಹೆಚ್ಚು ನೋಡಿದ್ದು. ಕ್ಯಾಪ್ಟನ್ ಹಲ್ಲಿನ ಡಾಕ್ಟರು. ಉಳಿದವರಲ್ಲಿ ಸೇನೆಯವರು, ಮೇಷ್ಟ್ರು, ವಿದ್ಯಾರ್ಥಿಗಳು. ಶನಿವಾರ ಬೆಳಗ್ಗೆ ಆರರಿಂದ ಏಳೂವರೆಯವರೆಗೆ ಮಂಜುಗಡ್ಡೆ ಅವರದು. ಆಮೇಲೆ ಪಾರ್ಟಿಯ ಬಲೂನುಗಳು ಬಂದುಬಿಡುತ್ತಿದ್ದವು.

ಮರುವರ್ಷ ತಂಡ ಉತ್ತರದ ಒಂದು ಊರಿಗೆ ಪಂದ್ಯಾವಳಿಗೆ ಹೋಯಿತು. ನಾನೂ ರಜೆ ಹಾಕಿ ಕ್ಯಾಮೆರಾ ಹೊತ್ತು ಹೋದೆ. ಅಂಕಲ್ ಸ್ಕೇಟ್ಸ್‌ನ ಅಲಗು ಮಸೆಯುವ ಯಂತ್ರ ಹೊತ್ತು ಬಂದರು. ಅಲ್ಲಿಯದು ಪೂರ್ಣ ಅಳತೆಯ ರಿಂಕ್. ನಮ್ಮವರಲ್ಲಿ ಅರ್ಧಕ್ಕರ್ಧ ಮಂದಿ ಅಂಥದ್ದರ ಮೇಲೆ ಕಾಲಿಟ್ಟದ್ದೇ ಮೊದಲ ಸಲ.

ಮೊದಲ ಎರಡು ಪಂದ್ಯಗಳಲ್ಲಿ ನಮ್ಮನ್ನು ಒರೆಸಿ ಹಾಕಿದರು. ಸೋತದ್ದು ದೊಡ್ಡ ಮಾತಲ್ಲ, ಸೋತ ರೀತಿ ವಿಚಿತ್ರವಾಗಿತ್ತು. ಪಕ್ ಎನ್ನುವ ಆ ಕಪ್ಪು ರಬ್ಬರ್ ಬಿಲ್ಲೆಯನ್ನು ಕೋಲಿನ ತುದಿಯಲ್ಲಿಟ್ಟುಕೊಂಡು ನಮ್ಮವನೊಬ್ಬ ಎದುರಾಳಿಯ ಗೋಲಿನತ್ತ ನುಗ್ಗುವನು. ಎದುರಿಗೆ ಯಾರೂ ಇರುವುದಿಲ್ಲ. ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿಬಿಡುವನು. ಮೊದಲು ಒಬ್ಬ, ಆಮೇಲೆ ಎಲ್ಲರೂ. ಜನಕ್ಕೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಗತೊಡಗಿದರು. ಎರಡನೆಯ ಪಂದ್ಯದಲ್ಲಿ ನಮ್ಮವರು ತಿರುಗಿದಾಗೆಲ್ಲ ಚಪ್ಪಾಳೆ ಬೀಳುತ್ತಿತ್ತು.

"ಭಯ," ಎಂದರು ಜೊತೆಗೆ ಬಂದಿದ್ದ, ತಂಡವನ್ನು ಕಳಿಸುವ ಕ್ರೀಡಾ ಸಮಿತಿಯವರು, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ. ಹೆದರುವ ತಂಡವನ್ನು ಇನ್ನು ಮುಂದೆ ಹೊರಗೆ ಕಳಿಸುವ ಅಗತ್ಯವಿಲ್ಲವೆಂದು ವರದಿ ಕೊಡುವುದಾಗಿ ಹೇಳಿದರು. ಉಳಿದಿದ್ದು ಒಂದೇ ಪಂದ್ಯ. ಕ್ಯಾಪ್ಟನ್ ಅದರ ನಂತರ ಆಟ ಬಿಡುತ್ತೇನೆಂದು ಹೆಲ್ಮೆಟ್ ಅನ್ನು ಚೀಲಕ್ಕೆ ತುಂಬಿಬಿಟ್ಟಿದ್ದರು.

ಆ ಸಂಜೆ ಹೋಟೆಲಿನಲ್ಲಿ ನಾನು ಅಂಕಲ್‌ಗೆ ಟೇಪು ತೋರಿಸಿದೆ. ಒಬ್ಬೊಬ್ಬರೂ ತಿರುಗುವ ಜಾಗದಲ್ಲಿ ನಿಲ್ಲಿಸಿದೆ. ಬೇರೆ ಬೇರೆ ಮನುಷ್ಯರು, ಬೇರೆ ಬೇರೆ ವೇಗ. ತಿರುಗುವುದು ಮಾತ್ರ ಒಂದೇ ಗೆರೆಯ ಮೇಲೆ. ನೆಲದ ಮೇಲೆ ಅಲ್ಲಿ ಯಾವ ಗೆರೆಯೂ ಇರಲಿಲ್ಲ. ಅಂಕಲ್ ಎರಡು ಸಲ ನೋಡಿದರು. ಮೂರನೆಯ ಸಲ ನಾನು ಹಾಕಹೋದಾಗ ಕೈ ಹಿಡಿದು ತಡೆದರು.

ಮರುದಿನ ಬೆಳಗ್ಗೆ ಖಾಲಿ ರಿಂಕ್‌ಗೆ ನನ್ನನ್ನು ಕರೆದುಕೊಂಡು ಹೋದರು. ಕಾಲುಚೀಲದ ಮೇಲೆ ಚಪ್ಪಲಿ ಹಾಕಿಕೊಂಡೇ ಮಂಜುಗಡ್ಡೆಗೆ ಇಳಿದು, ಒಂದು ತುದಿಯಿಂದ ಹೆಜ್ಜೆ ಎಣಿಸುತ್ತ ಹೊರಟರು. ಕಾವಲಿನವನು ಬೈದದ್ದು ನೆನಪಿದೆ. ಯಾವ ಭಾಷೆಯಲ್ಲಿ ಎಂಬುದು ನೆನಪಿಲ್ಲ. ಆಟಗಾರರು ತಿರುಗುತ್ತಿದ್ದ ಜಾಗಕ್ಕೆ ಬಂದಾಗ ಎಣಿಕೆ ನಿಂತಿತು. ಅಂಗೈಯನ್ನು ಗಾಳಿಗೆ ಒತ್ತಿ ನಿಂತರು, ಅಲ್ಲೇನೋ ಇದೆ ಎನ್ನುವಂತೆ.

"ಇದು ನಂದು ಕಣೋ. ಈ ಗೋಡೆ ನಾನು ಹಾಕಿದ್ದು."

ಮೂರು ವರ್ಷ ಹಿಂದೆ ಕಲ್ಲಾಂಗ್‌ನ ಕಂಪ್ರೆಸರ್ ಸೋತಿತ್ತಂತೆ. ಹೊಸದು ತರಿಸಲು ಮ್ಯಾನೇಜರ್ ಒಪ್ಪಲಿಲ್ಲ. ಇದ್ದ ತಂಪನ್ನು ಇಡೀ ನೆಲಕ್ಕೆ ಹರಡಿದರೆ ಎಲ್ಲ ಕಡೆ ಕೆಸರು. ಅಂಕಲ್ ಒಂದು ತುದಿಯ ಪೈಪುಗಳ ವಾಲ್ವ್ ಮುಚ್ಚಿ, ತಡೆಗೋಡೆಯನ್ನು ಎಂಟು ಹೆಜ್ಜೆ ಒಳಗೆ ಸರಿಸಿ, ಉಳಿದ ಮಂಜುಗಡ್ಡೆಯನ್ನು ಕಲ್ಲಿನಂತೆ ಗಟ್ಟಿಯಾಗಿಟ್ಟರು. ಪೂರ್ಣ ಅಳತೆಯ ರಿಂಕ್ ಅಷ್ಟು ಚಿಕ್ಕದಾಯಿತು. ನಾಲ್ಕು ದಿನಕ್ಕೆಂದು ಹಾಕಿದ ಗೋಡೆ ಅಲ್ಲೇ ಉಳಿಯಿತು, ಎಲ್ಲರೂ ಮರೆತರು. ಆ ಗೋಡೆಗೆ ಬಡಿದು ಬಡಿದು ಆಟಗಾರರ ಮೈ ಅದನ್ನು ಕಲಿತುಬಿಟ್ಟಿತ್ತು. ತಲೆ ಬಗ್ಗಿಸಿ ಪಕ್ ನೋಡುತ್ತ ಓಡುವವನು ಎದುರಿಗೆ ನೋಡುವುದಿಲ್ಲ. ಅವನ ಕಾಲು ಎಣಿಸುತ್ತಿರುತ್ತದೆ.

"ಹೇಳ್ಬೇಡಿ ಅಂಕಲ್," ಎಂದೆ ನಾನು. ಹೇಳಿದ್ದೆನೇ? ಹೇಳಿದ್ದೆ ಎಂದೇ ಇಟ್ಟುಕೊಳ್ಳಿ. ನನಗೆ ಮರ್ಯಾದೆ ತರುವ ಮಾತೇನಲ್ಲ ಅದು. ಸಮಿತಿಯವರಿಗೆ ಒಂದು ನೆಪ ಸಿಕ್ಕರೆ ತಂಡದ ಜೊತೆ ಇವರ ಕೆಲಸವೂ ಹೋಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಅವರು ಹೇಳಿಯೇಬಿಟ್ಟರು. ಕೊನೆಯ ಪಂದ್ಯಕ್ಕೆ ಮೊದಲು, ಬೆವರು, ರಬ್ಬರ್ ನಾರುವ ಕೋಣೆಯಲ್ಲಿ, ಸಮಿತಿಯವರ ಎದುರಿಗೇ. ಇವರ್ಯಾರೂ ಹೆದರಿದವರಲ್ಲ, ತಪ್ಪು ನನ್ನದು, ನಾನು ಹಾಕಿದ ಗೋಡೆ ಇವರ ಕಾಲೊಳಗಿದೆ ಎಂದರು. ತಮ್ಮ ಮೈಸೂರು ಇಂಗ್ಲಿಷಿನಲ್ಲಿ, ಕೈಯಲ್ಲಿ ಒಂದು ಸ್ಕೇಟ್ ಹಿಡಿದುಕೊಂಡೇ. ಕ್ಯಾಪ್ಟನ್ ಎದ್ದು ಚೀಲದಿಂದ ಹೆಲ್ಮೆಟ್ ಹೊರತೆಗೆದರು.

"ಅಂಕಲ್, ನೋ ವಾಲ್, ನೋ ಐಸ್. ನೋ ಐಸ್, ನೋ ಟೀಮ್ ಲಾ. ನೌ ಯೂ ಗೋ ಸ್ಟ್ಯಾಂಡ್ ಅಟ್ ದಿ ಎಂಡ್ ಆ್ಯಂಡ್ ಶೌಟ್," ಎಂದರು, ಈ ದ್ವೀಪದವರ ಮಾತಿಗೆ ಬಾಲದಂತೆ ಅಂಟಿರುವ 'ಲಾ' ಸಮೇತ.

ಅಂಕಲ್ ಎದುರಾಳಿಯ ಗೋಲಿನ ಹಿಂದೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಒಂದು ಸ್ಟೂಲು ಹತ್ತಿ ನಿಂತರು. ತುದಿಗಳು ಅದಲುಬದಲಾದಾಗ ಅವರೂ ಆ ಮಸೆಯುವ ಯಂತ್ರದ ಸ್ಟೂಲು ಹೊತ್ತು ಈ ಕಡೆಯಿಂದ ಆ ಕಡೆಗೆ ಓಡಿದರು. ಉದ್ವೇಗಕ್ಕೆ ಇಂಗ್ಲಿಷ್ ಮರೆತೇಹೋಯಿತು. "ಇನ್ನೂ ಇದೆ! ಇನ್ನೂ ಇದೆ! ಬಾರೋ, ಇನ್ನೂ ಇದೆ!" ಅರ್ಥ ಯಾರಿಗೂ ಗೊತ್ತಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ದನಿ ಎಲ್ಲಿಂದ ಬರುತ್ತಿದೆಯೋ ಅಲ್ಲಿಯವರೆಗೆ ನೆಲವಿದೆ ಎಂಬುದಷ್ಟು ಸಾಕಿತ್ತು. ಮೊದಲು ಹಾಗೆಯೇ ತಿರುಗಿದರು. ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ ತಿರುಗಿದರು. ಆಮೇಲೆ ಮೂರು ಹೆಜ್ಜೆ. ಬೆಂಚಿನ ಮೇಲಿದ್ದವರು ಕೋಲು ಕುಟ್ಟಿ ಕೂಗತೊಡಗಿದರು: "ಇನ್ನು ಇಡೇ! ಇನ್ನು ಇಡೇ ಲಾ!"

ಆಟದ ಕೊನೆಯ ಅವಧಿಯ ನಡುವೆ ಕ್ಯಾಪ್ಟನ್ ಪಕ್ ಹಿಡಿದು ಹೊರಟರು. ಗೋಡೆಯ ಜಾಗ ಬಂತು. ಅವರ ಭುಜ ತಿರುಗಲು ವಾಲಿದ್ದನ್ನು ನಾನು ನೋಡಿದೆ. ಕಾಲು ಮಾತ್ರ ನೆಟ್ಟಗೆ ಹೋಯಿತು... ಎಂಟು ಹೆಜ್ಜೆಯನ್ನೂ ದಾಟಿ.

ನನ್ನ ಟೇಪು ಇದಕ್ಕೆ ಮುಂಚೆಯೇ ಮುಗಿದಿದೆ. ಬ್ಯಾಟರಿ ಸತ್ತಿತ್ತು. ಗೋಲು ಆಯಿತು ಎಂದು ನಾನು ಹೇಳುತ್ತೇನೆ. ಪಕ್ ಎದುರಾಳಿಯ ಸ್ಕೇಟಿಗೆ ತಗುಲಿ ತಾನಾಗಿ ಒಳಗೆ ಹೋಯಿತು ಎಂದು ಕ್ಯಾಪ್ಟನ್ ಆಮೇಲೆ ಹೇಳಿದರು. ಅಂಕಲ್‌ಗೆ ಪಕ್ ಕಂಡೇ ಇರಲಿಲ್ಲವಂತೆ. ಗಾಜಿನ ಆಚೆಯಿಂದ ತಮ್ಮೆಡೆಗೆ ಬರುತ್ತಿದ್ದ ಮುಖ ಮಾತ್ರ ಕಂಡಿತ್ತು. ಮೂರೂ ನಿಜ. ಆ ಪಂದ್ಯವನ್ನೂ ಸೋತೆವು. ಆ ದಿನ ನಗಲು ಬಂದವರು ಮಾತ್ರ ನಗದೆ ಮನೆಗೆ ಹೋದರು.

ವಾಪಸು ಬಂದವರೇ ಅಂಕಲ್ ಉಬಿ ಎಂಬ ಕೈಗಾರಿಕಾ ಬಡಾವಣೆಯ ವರ್ಕ್‌ಶಾಪುಗಳನ್ನೆಲ್ಲ ಅಲೆದು, ಯಾವುದೋ ಹಳೆಯ ಕೋಲ್ಡ್ ಸ್ಟೋರೇಜಿನಿಂದ ಕಳಚಿಟ್ಟಿದ್ದ ಕಂಪ್ರೆಸರ್ ಒಂದನ್ನು ಹುಡುಕಿ ತಂದರು. ಮ್ಯಾನೇಜರ್‌ಗೆ ಏನು ಸುಳ್ಳು ಹೇಳಿದರೋ ಗೊತ್ತಿಲ್ಲ. ಒಂದು ಶನಿವಾರ ನಾವು ಹೋದಾಗ ಗೋಡೆ ಇರಲಿಲ್ಲ. ಆ ತುದಿಯ ಮಂಜುಗಡ್ಡೆ ಸ್ವಲ್ಪ ಮೆತ್ತಗೇ ಇತ್ತು, ಅಲಗು ಹೂತುಕೊಳ್ಳುತ್ತಿತ್ತು. ಯಾರೂ ದೂರಲಿಲ್ಲ. ಸಮಿತಿಯ ವರದಿಯಲ್ಲಿ ಏನಿತ್ತೋ, ತಂಡ ಮರುವರ್ಷವೂ ಹೋಯಿತು.

ಆಮೇಲೆ ಆ ರಿಂಕ್ ಮುಚ್ಚಿತು. ಮುಚ್ಚುವ ದಿನ ಕೇಕ್ ಕತ್ತರಿಸಿದರಂತೆ, ಅಂಕಲ್ ಹೋಗಲಿಲ್ಲ. ಕೆಲವು ವರ್ಷ ಕಳೆದು ಅವರು ತೀರಿಕೊಂಡಾಗ ನಾನು ಬೇರೆ ದೇಶದ ಪ್ರಾಜೆಕ್ಟ್‌ನಲ್ಲಿದ್ದೆ. ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ.

ಹೋದ ವಾರ ಆ ಐಸ್ ಕಚಾಂಗ್ ಕರಗಿ ಪಾಕವಾಗುವವರೆಗೂ ಕೂತಿದ್ದೆ. ಎದ್ದು ರಿಂಕ್ ಇದ್ದ ಜಾಗಕ್ಕೆ ನಡೆದೆ. ಈಗ ಅಲ್ಲಿ ಬೂಟು, ಚೀಲ ಮಾರುವ ದೊಡ್ಡ ಮಳಿಗೆ. ಇದೇ ನೆಲ ಎಂದು ಪ್ರಮಾಣ ಮಾಡಲಾರೆ. ಬಾಗಿಲು ಎಲ್ಲಿತ್ತೆಂದೂ ಗೊತ್ತಾಗಲಿಲ್ಲ. ಆದರೂ ಒಂದು ತುದಿಯಿಂದ ಹೆಜ್ಜೆ ಎಣಿಸುತ್ತ ಹೊರಟೆ. ರಿಂಕ್‌ನ ಉದ್ದದಷ್ಟು ಎಣಿಕೆ ಮುಗಿಯುವ ಮೊದಲೇ ಬಿಳಿ ಗೋಡೆ, ಅದರಲ್ಲೊಂದು ಬಾಗಿಲು ಎದುರಾಯಿತು. ಬಾಗಿಲ ಹಿಡಿಗೆ ಕೈ ಹಾಕಿದೆ.

"ಅಂಕಲ್, ಸ್ಟಾಫ್ ಓನ್ಲಿ ಲಾ," ಎಂದಳು ಕೌಂಟರಿನ ಹುಡುಗಿ.

ಅಂಕಲ್ ಎಂದು ಕರೆದದ್ದು ನನ್ನನ್ನೇ. ತಿರುಗಲೆಂದು ನನ್ನ ಭುಜ ಆಗಲೇ ಹಿಂದಕ್ಕೆ ವಾಲಿತ್ತು. "ಇನ್ನೂ ಇದೆ," ಎಂದೆ, ಅವಳಿಗೆ ಅರ್ಥವಾಗದ ಭಾಷೆಯಲ್ಲಿ, ಮತ್ತು ಬಾಗಿಲು ತಳ್ಳಿದೆ.