ಬಟ್ಟಲಿನ ಆರು ಹುಣಸೆಬೀಜ

ನನ್ನ ಹೆತ್ತ ಆಯಿ ತೀರಿಕೊಂಡ ಹದಿನಾಲ್ಕನೆಯ ದಿನ ನಾನು ಕೆಲಸಕ್ಕೆ ಹೋದೆ. ತಲೆ ಬೋಳಿಸಿಯಾಗಿತ್ತು, ಮೀಸೆ ಇರಲಿಲ್ಲ. ಇಸಳೂರಿನಿಂದ ಶಿರಸಿ ಪೇಟೆಗೆ ಬೈಕಿನಲ್ಲಿ ಬರುವಾಗ ಹೆಲ್ಮೆಟ್ಟು ಸಡಿಲಾಗಿ ಕಣ್ಣಿನ ಮೇಲೆ ಜಾರುತ್ತಿತ್ತು. ಅದನ್ನು ಸರಿಮಾಡಿಕೊಳ್ಳುವುದೊಂದೇ ದಾರಿಯುದ್ದಕ್ಕೂ ನನಗಿದ್ದ ಯೋಚನೆ. ಹದಿಮೂರು ದಿನದಲ್ಲಿ ಒಂದು ಸಲವೂ ಅಳು ಬಂದಿರಲಿಲ್ಲ. ಗಟ್ಟಿ ಮನುಷ್ಯ ಎಂದು ನೆಂಟರು ಮೆಚ್ಚಿಕೊಂಡರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯೇ ನಮ್ಮ ಆಫೀಸು. ಕೆಲಸ ಕೊಟ್ಟವರು ದೂರದ ಊರಿನಲ್ಲಿದ್ದರು. ಇಲ್ಲಿ ನಾವು ಮೂವರು: ನಾನು, ಸಿದ್ದಾಪುರದಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ, ಶಿರಸಿಯಲ್ಲೇ ಬಾಡಿಗೆ ರೂಮು ಮಾಡಿಕೊಂಡಿದ್ದ ಯಲ್ಲಾಪುರ ಕಡೆಯವನೊಬ್ಬ. ಯಾರೋ ಬರೆದ ಕೋಡನ್ನು ಶಾಲೆಗಳ ಕಂಪ್ಯೂಟರುಗಳಿಗೆ ಹಾಕಲು ಬರುವ ಪ್ಯಾಕೇಜಾಗಿ ಕಟ್ಟಿ ಕಳಿಸುವುದು ನಮ್ಮ ಕೆಲಸ. ಬಿಲ್ಡ್ ಮಾಡುವುದು ಎನ್ನುತ್ತಿದ್ದೆವು. ಬಿಲ್ಡ್ ಓಡಿಸಲು ಮೂವರಿಗೂ ಸೇರಿ ಇದ್ದದ್ದು ಒಂದೇ ಮಷಿನ್ನು, ಒಂದು ಸರ್ವರು.

ಬಿಲ್ಡಿಗೆ ಕೊಡುವ ಆಜ್ಞೆಯ ಕೊನೆಗೆ ಜೆ ಎಂಬ ಇಂಗ್ಲಿಷ್ ಅಕ್ಷರ ಹಾಕಿ, ಪಕ್ಕಕ್ಕೆ ಒಂದು ಅಂಕಿ ಬರೆಯಬೇಕು. ಎರಡು ಎಂದರೆ ಮಷಿನ್ನು ಒಟ್ಟೊಟ್ಟಿಗೆ ಎರಡು ಕೆಲಸ ಮಾಡುತ್ತದೆ, ನಾಲ್ಕು ಎಂದರೆ ನಾಲ್ಕು. ನಮ್ಮ ಮಷಿನ್ನಿಗೆ ಆರರ ಮೇಲೆ ತಾಳಿಕೆ ಇರಲಿಲ್ಲ. ಮೊದಮೊದಲು ಮೂವರೂ ತಮಗೆ ತೋಚಿದ ಅಂಕಿ ಹಾಕಿ, ಮಷಿನ್ನು ಕುಸಿದಾಗಲೆಲ್ಲ ಜಗಳವಾಡುತ್ತಿದ್ದೆವು. ಕೊನೆಗೆ ಆ ಹುಡುಗಿಯೇ ಒಂದು ಸ್ಟೀಲ್ ಬಟ್ಟಲಿನಲ್ಲಿ ಆರು ಹುಣಸೆಬೀಜ ಹಾಕಿ ತಂದಿಟ್ಟಳು. ಒಬ್ಬೊಬ್ಬರ ಪಾಲು ಎರಡು. ಕೈಯಲ್ಲಿ ಎಷ್ಟು ಬೀಜವೋ ಅಷ್ಟೇ ಅಂಕಿ. ಬಿಲ್ಡ್ ಮುಗಿದ ಮೇಲೆ ಬೀಜ ವಾಪಸು ಬಟ್ಟಲಿಗೆ. ದೂರದ ಊರಿನ ದೊಡ್ಡವರಿಗೆ ಇದನ್ನು ಹೇಳಿದ್ದರೆ ನಕ್ಕುಬಿಡುತ್ತಿದ್ದರು. ನಮ್ಮಲ್ಲಿ ಜಗಳ ನಿಂತಿತ್ತು.

ಆ ದಿನ ನಾನು ಒಳಗೆ ಬಂದಾಗ ಅವಳು ಎದ್ದು ನಿಂತಳು. ನನ್ನ ತಲೆಯ ಕಡೆ ನೋಡದೆ, "ಅಣ್ಣ, ಬಂದ್ಯ? ಚಾ ತರಿಸ್ಲ?" ಎಂದಳು. ಬೇಡವೆಂದೆ. ಅವಳ ಪಾಲಿಗೆ ಅದು ದೊಡ್ಡ ದಿನ. ಆರು ತಿಂಗಳ ಪರೀಕ್ಷೆಯ ಅವಧಿ ಅಂದು ಮುಗಿಯುತ್ತಿತ್ತು. ಪತ್ರ, ಪಟ್ಟಿ ಎಲ್ಲ ಬರೆಯಲು ಬರುವ ಒಂದು ಭಾರೀ ತಂತ್ರಾಂಶವನ್ನು ಸಂಜೆ ಐದರೊಳಗೆ ಕಟ್ಟಿ ಕಳಿಸಿದರೆ ಅವಳ ಕೆಲಸ ಖಾಯಂ, ಇಲ್ಲದಿದ್ದರೆ ಇಲ್ಲ. ಅದರ ಬಿಲ್ಡ್ ಎರಡು ದಿನದಿಂದ ನಡೆಯುತ್ತಲೇ ಇತ್ತು. ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ ಎಂದು ಗೋಡೆಯ ಗಡಿಯಾರ ನೋಡಿ ಹೇಳಿದಳು. ಇದೆಲ್ಲ ನನಗೆ ಗೊತ್ತಿತ್ತು. ಪಕ್ಕದ ಊರಿನ ಸುದ್ದಿಯ ಹಾಗೆ ಗೊತ್ತಿತ್ತು.

ನನ್ನ ಪಟ್ಟಿ ತೆರೆದೆ. ನಾನಿಲ್ಲದಾಗ ರಾಶಿ ಬಿದ್ದಿರಬೇಕಾಗಿದ್ದ ಪ್ಯಾಕೇಜುಗಳೆಲ್ಲ ಮುಗಿದಿದ್ದವು, ನನ್ನ ಹೆಸರಿನಲ್ಲೇ. ಒಂದು ಮಾತ್ರ ಉಳಿದಿತ್ತು. ಯಾರು ಮಾಡಿದರು ಎಂದು ಕೇಳುವ ಮನಸ್ಸೂ ಆಗಲಿಲ್ಲ. ಉಳಿದದ್ದನ್ನು ಮಾಡಿ ಮುಗಿಸೋಣವೆಂದು ಬಟ್ಟಲಿಗೆ ಕೈ ಚಾಚಿದೆ.

ಚಾಚಿದ ಕೈ ಅರ್ಧಕ್ಕೇ ಹಿಂದೆ ಬಂತು. ಸೂತಕದಲ್ಲಿ ಅಷ್ಟೂ ದಿನ ಯಾರನ್ನೂ ಮುಟ್ಟಿರಲಿಲ್ಲ, ಯಾರ ಪಾತ್ರೆಯನ್ನೂ ಮುಟ್ಟಿರಲಿಲ್ಲ. ನೀರು ಕೂಡ ಎತ್ತರದಿಂದ ಹೊಯ್ಯುತ್ತಿದ್ದರು. ಎಕ್ಕಂಬಿಯಿಂದ ಬಂದ ಅಕ್ಕನ ಮಗು ನನ್ನ ಕಡೆ ಅಂಬೆಗಾಲಿಟ್ಟಾಗ ನಾನೇ ಹಿಂದೆ ಸರಿದಿದ್ದೆ. ಸೂತಕ ಕಳೆದಿದೆಯೆಂದು ನನಗೆ ಗೊತ್ತಿತ್ತು, ಕೈಗೆ ಗೊತ್ತಾಗಿರಲಿಲ್ಲ. ಬೀಜ ತೆಗೆದುಕೊಳ್ಳದೆ ಹಾಗೇ ಕುಳಿತು ಆಜ್ಞೆ ಬರೆದೆ. ಅಂಕಿ ಬರೆಯುವ ಮೊದಲು ಕೈ ನೋಡಿಕೊಳ್ಳುವುದು ಅಭ್ಯಾಸ. ನೋಡಿದೆ, ಕೈ ಖಾಲಿ ಇತ್ತು. ಜೆ ಬರೆದವನು ಮುಂದೆ ಏನೂ ಬರೆಯದೆ ಎಂಟರ್ ಒತ್ತಿಬಿಟ್ಟೆ.

ಅಂಕಿಯಿಲ್ಲದ ಜೆ ಎಂದರೆ ಮಷಿನ್ನಿನ ಲೆಕ್ಕದಲ್ಲಿ ಮಿತಿಯೇ ಇಲ್ಲ ಎಂದು. ನೂರಾರು ಕೆಲಸ ಒಟ್ಟಿಗೇ ಎದ್ದವು. ಫ್ಯಾನಿನ ಸದ್ದು ಏರಿತು, ಪರದೆಗಳು ಹೆಪ್ಪುಗಟ್ಟಿದವು. ಮೆಮೊರಿ ಸಾಲದಾದಾಗ ಮಷಿನ್ನು ಉಸಿರು ಉಳಿಸಿಕೊಳ್ಳಲು ಯಾವುದಾದರೂ ಒಂದು ಕೆಲಸವನ್ನು ತಾನೇ ಕೊಲ್ಲುತ್ತದೆ. ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದನ್ನು. ದೊಡ್ಡದು ಅವಳದ್ದಾಗಿತ್ತು.

ಹತ್ತು ನಿಮಿಷದ ಮೇಲೆ ಅವಳ ಪರದೆಗೆ ಜೀವ ಬಂತು. ಬಿಲ್ಡ್ ಸತ್ತಿದೆ ಎಂಬ ಕೊನೆಯ ಸಾಲು ಓದಿ ಅವಳು ಗೋಡೆಯ ಗಡಿಯಾರ ನೋಡಿದಳು. ಒಮ್ಮೆ ಸತ್ತ ಬಿಲ್ಡನ್ನು ಮೊದಲಿನಿಂದಲೇ ಹಚ್ಚಬೇಕು. ಆಗ ಗಂಟೆ ಹನ್ನೊಂದೂವರೆ. ಆರೂ ಬೀಜ ಕೊಟ್ಟರೂ ಐದಕ್ಕೆ ಮುಗಿಯುವ ಮಾತಿರಲಿಲ್ಲ.

ಯಲ್ಲಾಪುರದವನು ನನ್ನ ಮೇಜಿನ ಹತ್ತಿರ ಬಂದು ಪರದೆ ಬಗ್ಗಿ ನೋಡಿದ. "ಏನ್ರಿ ಇದು? ನಂಬರ್ರೇ ಹಾಕಿಲ್ಲಲ್ರಿ!" ಎಂದ. ನಾನು ಹೌದು ಎಂದೆ. ಆ ಹೌದು ಅವನನ್ನು ಕೆರಳಿಸಿತು. "ಹೌದು ಅಂತೀರಲ್ರಿ! ಹದಿಮೂರು ದಿನ ನಿಮ್ಮ ಪ್ಯಾಕೇಜು ಮಾಡಿದ್ದು ಯಾರು ಗೊತ್ತೇನ್ರಿ? ಅವಳು. ನಿಮ್ಮ ಎರಡು ಬೀಜದ ಮೇಲೆ ತನ್ನದೊಂದು ಸೇರ್ಸಿ ಮೂರು ನಿಮ್ಮ ಕೆಲಸಕ್ಕೆ ಇಟ್ಟಿದ್ಲು. ತನ್ನದನ್ನ ಒಂದರ ಮೇಲೇ ಎಳೀತಿದ್ಲು. ಇಲ್ದಿದ್ರೆ ಅವಳದು ನಿನ್ನೇನೇ ಮುಗೀತಿತ್ರಿ!"

"ನೀ ಸುಮ್ನಿರು," ಎಂದು ಅವಳು ಅವನನ್ನು ತಡೆದಳು. ನನ್ನ ಕಡೆ ತಿರುಗಿ, "ಅಡ್ಡಿಲ್ಲೆ ಅಣ್ಣ. ಬೇಜಾರ ಮಾಡ್ಕ್ಯಳಡ. ನಿಂಗೆ ಮೈಮೇಲೆ ಗ್ಯಾನ ಇತ್ತಿಲ್ಲೆ," ಎಂದಳು.

ಅವಳು ಬೈದಿದ್ದರೆ ಒಳ್ಳೆಯದಿತ್ತು. ತಪ್ಪು ನನ್ನದೆಂದು ದೂರದ ಊರಿಗೆ ಫೋನು ಮಾಡಿ ಹೇಳಿದೆ, ಬರೆದೂ ಕಳಿಸಿದೆ. ಗಡುವು ಗಡುವೇ ಎಂದು ಉತ್ತರ ಬಂತು. ತಿಂಗಳ ಕೊನೆಯವರೆಗೆ ಕೆಲಸಕ್ಕೆ ಬರಬಹುದು ಎಂದು ಅವಳಿಗೆ ದೊಡ್ಡ ಮನಸ್ಸು ಮಾಡಿ ಹೇಳಿದರು. ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತು ಎಂಬುದು ಮಾತ್ರ ಗೊತ್ತಾಗುತ್ತಿತ್ತು. ಇಸಳೂರಿಗೆ ಹೋಗಿ ಉಂಡೆ, ಮಲಗಿದೆ, ನಿದ್ದೆಯೂ ಬಂತು.

ಅವಳ ಕೊನೆಯ ದಿನ ಬೆಳಿಗ್ಗೆ ನಾನು ಬೇಗ ಹೋದೆ. ತಲೆಯಲ್ಲಿ ಆಗಲೇ ಚೂರು ಕೂದಲು ಬಂದಿತ್ತು. ಅವಳು ಬಸ್ಸಿಳಿದು ಬಂದ ಕೂಡಲೇ ಬಟ್ಟಲು ಎತ್ತಿ ಆರೂ ಬೀಜವನ್ನು ಅವಳ ಕೈಗೆ ಸುರಿದೆ. "ಎಂತಕ್ಕೆ?" ಎಂದಳು. "ಒಂದ್ಸಲ ಮುಗಿಸು," ಎಂದೆ. ಅವತ್ತು ಸತ್ತಿದ್ದ ಆ ಬಿಲ್ಡ್ ಈಗ ಯಾರಿಗೂ ಬೇಡವಾಗಿತ್ತು. ದೂರದ ಊರಿನವರು ಬೇರೆ ಯಾರಿಂದಲೋ ಮಾಡಿಸಿಯಾಗಿತ್ತು. ಆದರೂ ಅವಳು ಬೀಜಗಳನ್ನು ಅಂಗೈಯಲ್ಲಿ ಒಮ್ಮೆ ನೋಡಿ, ಹೋಗಿ ಕುಳಿತು, ಆರು ಎಂದು ಬರೆದಳು.

ನಾನೂ ಯಲ್ಲಾಪುರದವನೂ ದಿನವಿಡೀ ಕೈ ಕಟ್ಟಿ ಕುಳಿತೆವು. ಒಂಬತ್ತಕ್ಕೆ ಹಚ್ಚಿದ್ದು ಐದು ಹೊಡೆಯುವ ಮೊದಲೇ ಮುಗಿಯಿತು. "ಆತು," ಎಂದಳು. ಮುಷ್ಟಿಯಲ್ಲಿದ್ದ ಬೀಜಗಳನ್ನು ಬಟ್ಟಲಿಗೆ ಹಾಕಿ, ಎರಡೆರಡರಂತೆ ಮೂರು ಕಡೆ ಸರಿಸಿ, ಸಿದ್ದಾಪುರದ ಬಸ್ಸು ತಪ್ಪುತ್ತದೆಂದು ಅವಸರದಲ್ಲಿ ಮೆಟ್ಟಿಲಿಳಿದಳು.

ಒಂದೇ ದಿನದ ಕೆಲಸ ಅದು. ನಾನು ಆಯಿಗೆ ಪಿಂಡ ಇಡುತ್ತಿದ್ದ ದಿನಗಳಲ್ಲಿ ಅವಳು ತನ್ನ ಒಂದು ಬೀಜದ ಜೊತೆ ಅಂಥ ಒಂದು ದಿನವನ್ನೂ ನನಗೆ ಕೊಟ್ಟು ಕುಳಿತಿದ್ದಳು. ಬಟ್ಟಲಿನಲ್ಲಿ ಅವಳ ಪಾಲಿನ ಎರಡು ಬೀಜ ಇನ್ನೂ ಬೆಚ್ಚಗಿದ್ದವು. ಅವನ್ನು ಮುಟ್ಟಿದೆ, ಅಲ್ಲೇ ಕುಳಿತು ಆಯಿಗಾಗಿ ಅತ್ತೆ.