ಅರ್ಧ ನೀನು, ಅರ್ಧ ಅದು

ಶಿವು ಭಾವನನ್ನು ಅವನ ಆಟದಲ್ಲಿ ಒಮ್ಮೆಯೂ ಸೋಲಿಸಲಾಗದ ನಾನು, ಅವನು ಗೆದ್ದದ್ದೇ ಗೆಲುವಲ್ಲ ಎಂದು ಹತ್ತು ಜನರ ಮುಂದೆ ವಾದ ಮಾಡಿ ನಂಬಿಸಿದೆ. ಆ ವಾದದಲ್ಲಿ ಒಂದು ತೂತಿತ್ತು. ಇದೆ ಅನ್ನುವುದು ನನಗೆ ಗೊತ್ತಿತ್ತು—ಆಮೇಲೆ ಹೊಳೆದದ್ದಲ್ಲ, ಮಾತು ಬಾಯಿಂದ ಹೊರಡುವ ಮೊದಲೇ ಗೊತ್ತಿತ್ತು. ಅಲ್ಲಿದ್ದ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಅವನಿಗೂ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಇದನ್ನು ಬರೆಯುವಾಗ ಎದೆ ಭಾರವಾಗಬೇಕು ಅಂತ ಕಾದು ನೋಡಿದೆ. ಆಗುತ್ತಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಮುಟ್ಟಿದರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗಿರುತ್ತದಲ್ಲ, ಹಾಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ದುಃಖದ ಬಣ್ಣ ಬಳಿಯಲು ಹೋದರೆ ಅದೂ ಒಂದು ವಾದವೇ ಆದೀತು.

ಶಿವು ನನ್ನ ಸೋದರತ್ತೆಯ ಮಗ. ಹಳೇಬೀಡಿನ ಹತ್ತಿರ ಮಾದಿಹಳ್ಳಿ ಅವರ ಊರು. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಪಿಯುಸಿಗೇ ಓದು ಬಿಟ್ಟು ಹಸು ಕಟ್ಟಿದ. ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಾನೆ. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಮಿಷನ್ನಿಗೆ ಎಡಗೈ ಸಿಕ್ಕಿ ತೋರುಬೆರಳೂ ನಡುಬೆರಳೂ ಬುಡದವರೆಗೆ ಹೋದವು. ಆ ಕೈಯ ವಿಷಯವನ್ನು ನಮ್ಮ ಕಡೆಯವರು ಯಾರೂ ಎತ್ತುವುದಿಲ್ಲ. ಅತ್ತೆ ಒಂದು ಕಾಲದಲ್ಲಿ ಹಾಕಿದ ಕಟ್ಟಪ್ಪಣೆ, ಈಗ ಎಲ್ಲರ ಅಭ್ಯಾಸ. ಮದುವೆ ಮನೆಯಲ್ಲಿ ಫೋಟೊ ತೆಗೆಸುವಾಗ ಯಾರಾದರೊಬ್ಬರು ತಾವಾಗಿಯೇ ಅವನ ಎಡಕ್ಕೆ ಒತ್ತಿಕೊಂಡು ನಿಲ್ಲುತ್ತಾರೆ, ಕೈ ಮರೆಯಾಗಲಿ ಎಂದು. ಯಾರೂ ಹೇಳಿಕೊಟ್ಟದ್ದಲ್ಲ. ಎಷ್ಟೋ ಸಲ ನಾನೂ ನಿಂತಿದ್ದೇನೆ.

ನಮ್ಮ ಮನೆ ಅರಸೀಕೆರೆಯಲ್ಲಿ. ಅಪ್ಪನಿಗೆ ಸರ್ಕಾರಿ ಕೆಲಸ. ಹಾಲ್‌ನಲ್ಲಿ ಬುದ್ಧನ ಪಟ. ‘ಯಾರೇ ಹೇಳಲಿ, ಸುಮ್ಮನೆ ತಲೆ ಆಡಿಸಬೇಡ, ಒರೆಗೆ ಹಚ್ಚಿ ನೋಡು’ ಅನ್ನುವುದು ಅಪ್ಪನ ಪಾಠ. ನಾನು ಆ ಪಾಠ ಕಲಿತೆ, ಚೆನ್ನಾಗಿಯೇ ಕಲಿತೆ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆ, ಆಮೇಲೆ ಹಾಸನದ ಕಾಲೇಜಿನಲ್ಲೂ ಅದೇ. ಪರವೋ ವಿರೋಧವೋ ಅನ್ನುವುದು ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು. ಯಾವುದು ಬಂದರೂ ನನಗೆ ಒಂದೇ. ಎದುರಿನವನ ಮಾತಿನ ತೂತು ಹುಡುಕುವುದು, ನನ್ನ ಮಾತಿನ ತೂತನ್ನು ಜೋರು ದನಿಯಿಂದ ಮುಚ್ಚುವುದು—ಎರಡೂ ಬರುತ್ತಿದ್ದವು. ಒರೆಗೆ ಹಚ್ಚು ಅಂದರೆ ಬೇರೆಯವರ ಮಾತನ್ನು ಅಂತಲೇ ನಾನು ತಿಳಿದಿದ್ದು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೊಬ್ಬರಿ ಮಂಡಿ. ಅದರ ಮಹಡಿಯ ಮೇಲೆ ಫಯಾಜಣ್ಣನ ಗೇಮ್ ಅಂಗಡಿ. ಮೊದಲು ಅಲ್ಲಿದ್ದದ್ದು ಎರಡು ಟೀವಿ, ಅವಕ್ಕೆ ಸಿಕ್ಕಿಸಿ ಆಟ ಆಡುವ ಪೆಟ್ಟಿಗೆ ಎರಡು, ಕನ್ಸೋಲು. ಕೈಯಲ್ಲಿ ಹಿಡಿದು ಆಡುವ ಪ್ಯಾಡನ್ನು ಎಲ್ಲರೂ ರಿಮೋಟು ಅಂತಲೇ ಕರೆಯುತ್ತಿದ್ದರು. ಅಂಗಡಿಗೆ ಒಂದೇ ಕಾನೂನು: ಗೆದ್ದವನು ಕೂತಿರಬೇಕು, ಸೋತವನು ಏಳಬೇಕು. ಭಾನುವಾರ ಬೆಳಿಗ್ಗೆ ಹಾಲು ಹಾಕಿ, ಹಳೇಬೀಡಿಗೆ ಬಂದು, ಜಾವಗಲ್ ಮೇಲೆ ಬರುವ ಬಸ್ಸು ಹಿಡಿದು ಶಿವು ಬರುತ್ತಿದ್ದ. ಟೀವಿ ಮುಂದಿನ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನ ಊಟಕ್ಕೆ ತಾನಾಗಿ ಎದ್ದರೇ ಉಂಟು, ಎಬ್ಬಿಸಿದವರಿಲ್ಲ.

ಅವನು ಆಡುತ್ತಿದ್ದದ್ದು ಗುರಿಯಿಟ್ಟು ಹೊಡೆಯುವ ಆಟ. ರಿಮೋಟನ್ನು ಓರೆ ಮಾಡಿ ತೊಡೆಗೆ ಒತ್ತಿಕೊಳ್ಳುತ್ತಿದ್ದ. ಎಡಗಡೆಯ ಹಿಂದಿನ ಗುಂಡಿಯನ್ನು ನಾವೆಲ್ಲ ತೋರುಬೆರಳಲ್ಲಿ ಒತ್ತಿದರೆ ಅವನು ಉಂಗುರದ ಬೆರಳನ್ನು ಬಾಗಿಸಿ ಒತ್ತುತ್ತಿದ್ದ. ಯಾರೂ ಕಲಿಸಿದ್ದಲ್ಲ. ಫಯಾಜಣ್ಣ ಹೊಸ ಕನ್ಸೋಲು ತಂದಾಗ ಹಳೆಯದನ್ನು ಶಿವು ಕೊಂಡುಕೊಂಡು ಹೋಗಿ ವಾರವೆಲ್ಲ ಮನೆಯಲ್ಲಿ ಆಡಿ ಆಡಿ ಪಳಗಿಸಿಕೊಂಡಿದ್ದ. ಡೈರಿಯಲ್ಲಾಗಲಿ, ನೆಂಟರ ಮನೆಯಲ್ಲಾಗಲಿ, ಹೆಣ್ಣು ನೋಡಲು ಹೋದ ಕಡೆಯಲ್ಲಾಗಲಿ ಅವನ ಎಡಗೈ ಪಂಚೆಯ ಮಡಿಕೆಯಲ್ಲೋ ಪ್ಯಾಂಟಿನ ಜೇಬಿನಲ್ಲೋ ಇರುತ್ತಿತ್ತು. ಆ ಅಂಗಡಿಯೊಂದರಲ್ಲಿ ಅದು ಹೊರಗಿರುತ್ತಿತ್ತು. ಎಲ್ಲರ ಕಣ್ಣು ಟೀವಿಯ ಮೇಲೆ, ಅವನ ಕೈ ಬಯಲಲ್ಲಿ. ಅವನಿಗೆ ಆ ಕುರ್ಚಿ ಏನಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿತ್ತು.

ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಹಾಸ್ಟೆಲಿನಲ್ಲಿ ಗೆಳೆಯನ ಕಂಪ್ಯೂಟರಿನಲ್ಲಿ ಕೀಬೋರ್ಡು, ಮೌಸು ಹಿಡಿದು ಆಡುವುದು ರೂಢಿಯಾಗಿತ್ತು. ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ವಾರವೇ ಅರಸೀಕೆರೆಗೆ ಬಂದೆ. ಜೊತೆಗೆ ದರ್ಶನ್ ಎಂಬ ಕಾಲೇಜು ಗೆಳೆಯ. ಭಾನುವಾರ ಅವನನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಫಯಾಜಣ್ಣ ಹೊಸದಾಗಿ ಎರಡು ಕಂಪ್ಯೂಟರು ಹಾಕಿಸಿದ್ದ. ಶಿವು ಕೆಂಪು ಕುರ್ಚಿಯಲ್ಲಿದ್ದ.

“ಬಾರ್ಲಾ ಭಾಷಣಕಾರ,” ಅಂದ. “ಒಂದು ಕೈ ನೋಡೇಬುಡಾಣ.”

ಸೋತೆ. ಎದ್ದೆ. ಸರದಿ ಕಾದು ಮತ್ತೆ ಕೂತೆ, ಸೋತೆ. ಮೂರನೆಯ ಸಲ ಎದ್ದಾಗ ದರ್ಶನ್ ನಕ್ಕ. “ಏನ್ ಗುರು, ಕಪ್ ಬಾಯಿಗೆ ಮಾತ್ರ ಕೊಟ್ರಾ? ಕೈಗೆ ಇಲ್ವಾ?”

ಅಂಗಡಿಯೆಲ್ಲ ನಕ್ಕಿತು. ಶಿವು ಕೂಡ. ಅವನ ನಗುವಿನಲ್ಲಿ ಕೊಂಕಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಾನು ಶುರುಮಾಡಿದೆ. ದನಿ ಏರಿಸಲಿಲ್ಲ, ಮೊದಲ ಎರಡು ನಿಮಿಷ ತಣ್ಣಗಿರಬೇಕು ಎಂಬುದು ನಮ್ಮ ತರಬೇತಿ. ಕಂಪ್ಯೂಟರಿನ ಆಟಕ್ಕೂ ಕನ್ಸೋಲಿನ ಆಟಕ್ಕೂ ಇರುವ ವ್ಯತ್ಯಾಸ ಹೇಳಿದೆ. ಮೌಸಿನಲ್ಲಿ ಗುರಿ ಎಷ್ಟು ನಯವಾಗಿ ಇಡಬಹುದು. ಹೆಬ್ಬೆರಳಲ್ಲಿ ರಿಮೋಟಿನ ಕಡ್ಡಿ ತಿರುಗಿಸಿ ಅಷ್ಟು ನಯ ಬರುವುದಿಲ್ಲ. ಅದಕ್ಕೇ ಕನ್ಸೋಲಿನಲ್ಲಿ ಆಟ ತಯಾರಿಸಿದವರೇ ಒಳಗೊಂದು ನೆರವು ಇಟ್ಟಿರುತ್ತಾರೆ—ಗುರಿ ಎದುರಾಳಿಯ ಹತ್ತಿರ ಬಂದರೆ ಸಾಕು, ಆಟವೇ ಅದನ್ನು ಚೂರು ಎಳೆದು ಕೂರಿಸುತ್ತದೆ. ಕಂಪ್ಯೂಟರಿನಲ್ಲಿ ಮೌಸು ಹಿಡಿದವನಿಗೆ ಆ ಊರುಗೋಲಿಲ್ಲ. ಇದರಲ್ಲಿ ಒಂದೂ ಸುಳ್ಳಲ್ಲ. ಈಗಲೂ ಯಾರನ್ನು ಬೇಕಾದರೂ ಕೇಳಿ.

“ಹೌದೇನೋ? ಹಂಗೂ ಐತಾ ಇದ್ರಾಗೆ?” ಅಂದ ಫಯಾಜಣ್ಣ. ಅಂಗಡಿ ಅವನದೇ, ಅವನಿಗೂ ಗೊತ್ತಿರಲಿಲ್ಲ.

ಶಿವು ರಿಮೋಟನ್ನು ತಿರುಗಿಸಿ ನೋಡಿದ. “ಹಂಗಾರೆ ನಾನ್ ಹೊಡೀತಾ ಇಲ್ವಾ?”

“ಅರ್ಧ ನೀನು ಹೊಡೀತೀಯ ಭಾವ,” ಅಂದೆ. “ಅರ್ಧ ಅದೇ ಹೊಡೆಯುತ್ತೆ.”

ಇಷ್ಟೇ ಮಾತು.

ತೂತು ಎಲ್ಲಿದೆ ಎಂದು ನಿಮಗೆ ಆಗಲೇ ಕಂಡಿರಬಹುದು. ನಾನು ಸೋತದ್ದೂ ಅದೇ ಕನ್ಸೋಲಿನಲ್ಲಿ. ನನ್ನ ಕೈಯಲ್ಲಿದ್ದದ್ದೂ ಅಂಥದೇ ರಿಮೋಟು. ಅವನಿಗೆ ಎಷ್ಟು ನೆರವಿತ್ತೋ ನನಗೂ ಅಷ್ಟೇ ಇತ್ತು. ಎರಡೂ ತಟ್ಟೆಯಿಂದ ಸಮ ತೂಕ ತೆಗೆದರೆ ಉಳಿಯುವುದು ಅವನ ಕೈ ಮತ್ತು ನನ್ನ ಕೈ, ಅಷ್ಟೆ—ಅದರಲ್ಲಿ ಅವನು ಮೂರು ಸಲ ಗೆದ್ದಿದ್ದ. ಯಾರಾದರೂ ಒಬ್ಬರು, ‘ನಿಂಗೂ ಅದೇ ಇತ್ತಲ್ಲಪ್ಪ’ ಅಂದಿದ್ದರೆ ಮುಗಿದಿತ್ತು. ನಾನು ಕಾದೆ ಕೂಡ. ವೇದಿಕೆಯ ಮೇಲೆ ಎದುರು ತಂಡದ ಪ್ರಶ್ನೆಗೆ ಕಾಯುವ ಹಾಗೆ, ಒಂದು ಕ್ಷಣ. ಯಾರೂ ಕೇಳಲಿಲ್ಲ.

“ಸರಿ ಕಣ್ಲಾ,” ಅಂದ ಶಿವು. “ನಿನ್ ಕಂಪ್ಯೂಟರ್‌ನಾಗೇ ಆಡಾಣ.”

ಕಂಪ್ಯೂಟರಿನಲ್ಲಿ ಆಟಗಾರ ಓಡುವುದು, ಬಾಗುವುದು, ಜಿಗಿಯುವುದು ಎಲ್ಲ ಎಡಗೈ ಬೆರಳುಗಳಿಂದ. ಮುಖ್ಯವಾಗಿ ಬೇಕಾದದ್ದು ತೋರುಬೆರಳು, ನಡುಬೆರಳು. ಅವನು ಕುರ್ಚಿಗೆ ಬರುವಷ್ಟರಲ್ಲಿ ನನಗೆ ಇದು ಹೊಳೆದಿತ್ತು. ಆ ಕಂಪ್ಯೂಟರಿಗೂ ಅದೇ ರಿಮೋಟನ್ನು ಸಿಕ್ಕಿಸಿ ಆಡಬಹುದು ಎಂಬುದೂ ಗೊತ್ತಿತ್ತು. ಹೇಳಲಿಲ್ಲ. ಬೇರೆಯವರೂ ನೋಡಿದರು, ಫಯಾಜಣ್ಣ ಬಾಯಿ ತೆರೆದು ಮುಚ್ಚಿದ. ಆ ಕೈಯ ವಿಷಯ ಎತ್ತದಿರುವುದು ನಮ್ಮ ಮನೆತನದ ಮರ್ಯಾದೆ ಮಾತ್ರವಲ್ಲ, ಅಷ್ಟು ಹೊತ್ತಿಗೆ ಆ ಅಂಗಡಿಯ ಮರ್ಯಾದೆಯೂ ಆಗಿತ್ತು. ‘ಅವನಿಗೆ ಬೆರಳಿಲ್ಲ, ಈ ಆಟ ಸರಿಯಲ್ಲ’ ಎಂದು ಹೇಳಿದವನು ಕೆಟ್ಟವನಾಗುತ್ತಿದ್ದ. ಸುಮ್ಮನಿದ್ದ ನಾವೆಲ್ಲ ಒಳ್ಳೆಯವರು.

ಅವನ ಉಂಗುರದ ಬೆರಳು, ಕಿರುಬೆರಳು ಕೀಗಳ ಮೇಲೆ ತಡಕಾಡಿದವು. ಪರದೆಯ ಮೇಲೆ ಅವನ ಆಟಗಾರ ಗೋಡೆಗೆ ಮುಖ ಕೊಟ್ಟು ನಿಂತುಬಿಡುತ್ತಿದ್ದ. ನಾನು ಹಿಂದಿನಿಂದ ಬಂದು ಹೊಡೆಯುತ್ತಿದ್ದೆ. ನಿಧಾನಿಸಬಹುದಿತ್ತು—ನಿಧಾನಿಸಲಿಲ್ಲ. ಆಟ ಮುಗಿಯಿತು. ಸೋತವನು ಏಳಬೇಕು. ಅವನು ಎದ್ದ.

“ನಿಜ ಕಣ್ಲಾ,” ಅಂದ. “ಇದ್ರಾಗೆ ನಂದೇನೂ ನಡೆಯಾಕಿಲ್ಲ. ಅದೇ ಆಡಿಸ್ತಿತ್ತು.”

ಕೈ ಜೇಬಿಗೆ ಹೋಯಿತು. ಮನೆಗೆ ಬಂದು ಊಟ ಮಾಡಿ, ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ತಗೊಂಡು ಮಧ್ಯಾಹ್ನದ ಬಸ್ಸಿಗೆ ಹೋದ. ಜಗಳವಿಲ್ಲ, ಮುನಿಸಿಲ್ಲ. ಮುಂದಿನ ಭಾನುವಾರ ಬರಲಿಲ್ಲ, ಹಸು ಕರು ಹಾಕೈತೆ ಅಂತ ಫೋನಿನಲ್ಲಿ ಅಂದ. ಅದರ ಮುಂದಿನ ವಾರ ಇನ್ನೇನೋ. ಆಮೇಲೆ ನಾವು ಕೇಳುವುದನ್ನೂ ಬಿಟ್ಟೆವು. ದರ್ಶನ್ ಆ ವಾದವನ್ನು ಕಾಲೇಜಿನಲ್ಲೆಲ್ಲ ಹೊಗಳಿಕೊಂಡು ತಿರುಗಿದ. ನಾನು ಬೇಡ ಅನ್ನಲಿಲ್ಲ.

ಅವನ ಬಾಳೇನೂ ಹಾಳಾಗಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು, ಹಸು ಹೆಚ್ಚಾದವು. ನಾನು ವರ್ಷಗಟ್ಟಲೆ ಹಿಡಿದುಕೊಂಡಿದ್ದ ಸಮಾಧಾನ ಇದೇ. ಆಟ ತಾನೆ, ಟೀವಿ ಮುಂದೆ ಕೂತು ಹೊತ್ತು ಕಳೆಯುವುದು ತಪ್ಪಿತು, ಒಳ್ಳೆಯದೇ ಆಯಿತು—ಬೇಕಾದರೆ ಇದರ ಪರವಾಗಿಯೂ ನಾನು ಹತ್ತು ನಿಮಿಷ ಮಾತಾಡಬಲ್ಲೆ.

ಹೋದ ತಿಂಗಳು ಅತ್ತೆಯನ್ನು ನೋಡಲು ಮಾದಿಹಳ್ಳಿಗೆ ಹೋಗಿದ್ದೆ. ಶಿವುವಿನ ಮಗಳು ಮೈತ್ರಿಗೆ ಈಗ ಆರು ವರ್ಷ. ಅಟ್ಟದ ಮೇಲೆ ಆ ಹಳೆಯ ಕನ್ಸೋಲು ಅವಳ ಕಣ್ಣಿಗೆ ಬಿದ್ದು, ಹಟ ಮಾಡಿ ಇಳಿಸಿಕೊಂಡು ಟೀವಿಗೆ ಹಾಕಿಸಿದ್ದಳು. ಸಾಲಾಗಿಟ್ಟ ಡಬ್ಬಗಳಿಗೆ ಗುರಿಯಿಟ್ಟು ಉರುಳಿಸುವ ಆಟ. ಶಿವು ಬಾಗಿಲ ಬಳಿ ಕೂತು ಹಾಲಿನ ಕ್ಯಾನು ಒರೆಸುತ್ತಿದ್ದ.

“ಮಾವ, ನೋಡು ನೋಡು! ಎಲ್ಲಾ ಬೀಳಿಸ್ಬುಟ್ಟೆ!” ಎಂದು ಕೂಗಿದಳು.

ಶಿವು ತಲೆಯೆತ್ತದೆ ಹೇಳಿದ, “ನೀನೇ ಅಲ್ಲ ಕಣವ್ವ. ಅರ್ಧ ನೀನು, ಅರ್ಧ ಅದು.” ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ. ಬೆಂಕಿ ಮುಟ್ಟಿದರೆ ಸುಡುತ್ತೆ ಅಂತ ಮಗುವಿಗೆ ತಿಳಿಸಿಕೊಡುವ ಹಾಗೆ ಹೇಳಿದ. “ಬೇಕಾರೆ ಮಾವನ್ನೇ ಕೇಳು. ಓದ್ದೋನು ಅವ್ನು.”

ಅವಳು ನನ್ನ ಕಡೆ ತಿರುಗಿದಳು. “ಹೌದಾ ಮಾವ?”

ಅಷ್ಟು ವರ್ಷಗಳ ಮೇಲೆ ಆ ಪ್ರಶ್ನೆಯನ್ನು ಒಬ್ಬರು ಕೇಳಿದ್ದರು. ಅಂಗಡಿಯಲ್ಲಿ ಯಾರೂ ಕೇಳದೆ ಹೋದದ್ದು. ಒಂದೇ ಮಾತು ಸಾಕಿತ್ತು—ಅಲ್ಲ. ನಾನು ಹೇಳಿದ್ದು:

“ಸ್ವಲ್ಪ ಹೌದು, ಪುಟ್ಟಾ.”

ಇದೂ ಸುಳ್ಳಲ್ಲ. ನೋಡಿ, ಆಗಲೂ ನಾನು ಸುಳ್ಳು ಹೇಳಲಿಲ್ಲ.

ಅವಳು ಉರುಳಿದ ಡಬ್ಬಗಳನ್ನು ಇನ್ನೊಮ್ಮೆ ನೋಡಿದಳು. ರಿಮೋಟನ್ನು ಚಾಪೆಯ ಮೇಲಿಟ್ಟು ಹೊರಗೆ ಕರುವಿನ ಹತ್ತಿರ ಹೋದಳು. ಶಿವು ಎದ್ದು ಬಂದು ಟೀವಿ ಆರಿಸಿದ. “ಸುಮ್ನೆ ಕರೆಂಟ್ ಯಾಕೆ,” ಅಂದ. ನಾನು ರಿಮೋಟನ್ನು ಎತ್ತಿ ನೋಡಿದೆ. ಎಡಗಡೆಯ ಹಿಂದಿನ ಗುಂಡಿಯ ಒಂದು ಅಂಚು ಮಾತ್ರ ಸವೆದು ನುಣುಪಾಗಿತ್ತು, ತೋರುಬೆರಳು ತಾಗುವ ಕಡೆಯಲ್ಲ, ಉಂಗುರದ ಬೆರಳು ಬಾಗಿ ತಾಗುವ ಕಡೆ. ಅದನ್ನು ಸವೆಸಿದ್ದು ಯಂತ್ರವಲ್ಲ.

ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಕಾಫಿ ಕುಡಿದೆ, ಅತ್ತೆಯ ಮಂಡಿನೋವು ವಿಚಾರಿಸಿದೆ, ಬಸ್ಸು ಹತ್ತಿದೆ. ಜಾವಗಲ್ ದಾಟಿದ ಮೇಲೆ ಕೈ ನೋಡಿಕೊಂಡರೆ ನನ್ನ ಎಡಗೈ ಉಂಗುರದ ಬೆರಳು ತಾನಾಗಿಯೇ ಬಾಗುತ್ತಿತ್ತು, ಎದುರು ಸೀಟಿನ ಕಂಬಿಗೆ ಒತ್ತುತ್ತಿತ್ತು. ಸ್ವಲ್ಪ ಹೊತ್ತಿಗೇ ನೋವು ಬಂತು. ಅವನು ಇಡೀ ಬೆಳಿಗ್ಗೆ ಒತ್ತುತ್ತಿದ್ದ.

ಫಯಾಜಣ್ಣನ ಅಂಗಡಿ ಈಗಿಲ್ಲ, ಅಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ. ಅವತ್ತು ಕೇಳಿಸಿಕೊಂಡವರನ್ನು ಒಂದು ಕಡೆ ಸೇರಿಸುವುದು ಆಗುವ ಮಾತಲ್ಲ. ಆದರೆ ನಂಬಿದವನು ಇದ್ದಾನೆ, ಅವನಿಂದ ಕಲಿತವಳೂ ಇದ್ದಾಳೆ. ಈ ಭಾನುವಾರ ಹೋಗುತ್ತೇನೆ. ಮೈತ್ರಿಯ ಮುಂದೆಯೇ ಹೇಳಬೇಕು. ಪೀಠಿಕೆ ಇಲ್ಲ, ಅಂಶಗಳಿಲ್ಲ: ಭಾವ, ಅವತ್ತು ನಿನಗಿದ್ದ ನೆರವು ನನಗೂ ಇತ್ತು. ನನಗೆ ಗೊತ್ತಿತ್ತು. ಕೀಬೋರ್ಡಿನಲ್ಲಿ ನಿನ್ನ ಕೈಗೆ ಆಗುವುದಿಲ್ಲ ಎಂದೂ ಗೊತ್ತಿದ್ದೇ ಆಡಿದೆ. ಗೆದ್ದವನು ನೀನು.

ಕೈ ಎಂಬ ಮಾತನ್ನು ಅವನ ಮುಂದೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಅತ್ತೆ ಮನೆಯೊಳಗೇ ಇರುತ್ತಾರೆ.

ಅವನು ನಗಬಹುದು. ‘ಹಳೇದು ಬಿಡ್ಲಾ’ ಎಂದು ಕ್ಯಾನು ಎತ್ತಿಕೊಂಡು ಡೈರಿಗೆ ಹೊರಡಬಹುದು. ನಂಬದೆಯೂ ಇರಬಹುದು, ಇಷ್ಟು ವರ್ಷ ನಂಬಿದ್ದನ್ನು ಬಿಡು ಎಂದು ಹೇಳಲು ಬಂದವನು ಅದನ್ನು ನಂಬಿಸಿದವನೇ. ಆಗ ನಾನು ವಾದ ಮಾಡುವುದಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ಅಷ್ಟೆ.