ಬ್ವೆರೇಟಿ ಎಳೆದ ಕೆಂಪು ಗೆರೆ

ನನ್ನ ತಮ್ಮ ಬ್ವೆರೇಟಿಗೆ ಯಾರಿಗೂ ಇಲ್ಲ ಅನ್ನಲು ಬಾರದು. ತರಾವಾ ದ್ವೀಪಗಳಲ್ಲಿ ಇರುವ ಒಂದೇ ರಸ್ತೆಯಲ್ಲಿ ಅವನು ಬಸ್ಸು ಓಡಿಸುತ್ತಾನೆ, ಬಾಗಿಲಲ್ಲಿ ನಿಂತು ಕಾಸು ಇಸಿದುಕೊಳ್ಳುವವಳು ನಾನು. ಯಾರಾದರೂ "ಇಕಾಯ್!" ಎಂದು ಕೂಗಿದರೆ ಅಲ್ಲೇ ನಿಲ್ಲಿಸಬೇಕು, ಅಷ್ಟೇ ನಮ್ಮ ಕಾನೂನು. ಯಾರೋ ಮರೆತ ಮೀನಿನ ಬುಟ್ಟಿಗಾಗಿ ಬಸ್ಸನ್ನೇ ಹಿಂದಕ್ಕೆ ಓಡಿಸಿದ ಪುಣ್ಯಾತ್ಮ ಅವನು.

ಹುಣ್ಣಿಮೆಯ ಉಬ್ಬರದಲ್ಲಿ ಎರಡು ದ್ವೀಪಗಳ ನಡುವಿನ ಕಟ್ಟೆರಸ್ತೆಗೆ ನೀರು ಹತ್ತತೊಡಗಿದಾಗ ಬಸ್ ಆಫೀಸಿನವರು ಅಲ್ಲೊಂದು ಕಂಬ ನೆಟ್ಟರು. ನೀರು ಕೆಂಪು ಗೆರೆ ಮುಟ್ಟಿದರೆ ಯಾವ ಬಸ್ಸೂ ದಾಟಕೂಡದು. ಗೆರೆ ಎಳೆಯುವ ಕೆಲಸ ತಮ್ಮನಿಗೇ ಸಿಕ್ಕಿತು.

ಮೊದಲ ಸಲ ನೀರು ಮುಟ್ಟಿದಾಗ ನಿಲ್ಲಿಸಿದ. ಆಚೆ ದಡದ ಮುದುಕಿ ತೆರೆಂಗಾ ಸುಮ್ಮನಿರುತ್ತಾಳೆಯೇ?

"ಏನೋ, ನಿನ್ನ ಬಣ್ಣ ನೋಡ್ಕೊಂಡು ನಾನಿಲ್ಲೇ ಮಲಗ್ಲಾ? ನನ್ನ ಹಂದಿಗೆ ಊಟ ನೀನು ಹಾಕ್ತೀಯಾ?"

ಬಸ್ಸೆಲ್ಲ ನಕ್ಕಿತು. ಅವನ ಮುಖ ಚಿಕ್ಕದಾಯಿತು. ಮರುದಿನ ಗೆರೆ ಒಂದು ಗೇಣು ಮೇಲಿತ್ತು. ಮುಂದಿನ ವರ್ಷ ಇನ್ನೊಂದು ಗೇಣು.

"ಇನ್ನೂ ಮೇಲೆ ಹೋದ್ರೆ ಏಣಿ ಬೇಕಾಗುತ್ತೆ ಕಣೋ," ಎಂದು ನಾನು ಕಾಲೆಳೆಯುತ್ತಿದ್ದೆ. ಅವನ ಹೆಂಡತಿ ರೋತಿಯಾ ಮಾತ್ರ ನಗುತ್ತಿರಲಿಲ್ಲ.

ಒಂದು ಹುಣ್ಣಿಮೆಯ ಸಂಜೆ ಪಡುವಣ ಗಾಳಿ ಬೀಸುತ್ತಿತ್ತು. ಗೆರೆ ಒಣಗಿಯೇ ಇತ್ತು, ಹೊರಟೆವು. ಚಕ್ರದ ಕೆಳಗೂ ನೀರು, ಎರಡೂ ಪಕ್ಕದಲ್ಲೂ ನೀರು. ಯಾರೂ ಹಾಡು ಹಾಕು ಅನ್ನಲಿಲ್ಲ, ತೆರೆಂಗಾ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಟ್ಟೆಯ ನಟ್ಟನಡುವೆ, ಮನೆಯಿಲ್ಲದ ಮರವಿಲ್ಲದ ಜಾಗದಲ್ಲಿ, ಮುಂದಿನ ಸೀಟಿನಲ್ಲಿದ್ದ ರೋತಿಯಾ ಕಿರುಚಿದಳು.

"ಇಕಾಯ್!"

ತಮ್ಮನ ಕಾಲು ತಾನಾಗಿಯೇ ಬ್ರೇಕ್ ತುಳಿಯಿತು.

"ಇಲ್ಯಾರೇ ಇಳಿಯೋದು?" ಅಂದ.

ಅವಳು ಮುಂದಕ್ಕೆ ಕೈ ತೋರಿಸಿದಳು. ಅಲೆ ಹಿಂದೆ ಸರಿದಾಗ ಕಂಡಿತು: ರಸ್ತೆಯೇ ಇರಲಿಲ್ಲ. ಕಡಲು ಅದನ್ನು ಅಡಿಯಿಂದ ತಿಂದುಹಾಕಿತ್ತು.

ತಮ್ಮ ತೆರೆಂಗಾಳನ್ನು ಬೆನ್ನ ಮೇಲೆ ಹೊತ್ತ. ಉಳಿದವರು ಕೈ ಕೈ ಹಿಡಿದು, ಮೊಳಕಾಲು ನೀರಿನಲ್ಲಿ ತಡವರಿಸುತ್ತ ಹಿಂದಕ್ಕೆ ನಡೆದೆವು. ದಡ ಮುಟ್ಟುವಷ್ಟರಲ್ಲಿ ಬಸ್ಸು ಮಗುಚಿತ್ತು. ಜೀವ ಉಳಿಯಿತು, ನಿಜ. ಆದರೆ ನನ್ನ ಹೆದರಿಕೆ ಇವತ್ತಿಗೂ ಇಳಿದಿಲ್ಲ.

ಕಟ್ಟೆಯನ್ನು ಮತ್ತೆ ಕಟ್ಟಿದರು. ಹೊಸ ಕಂಬವನ್ನು ಮಾತ್ರ ಅದರ ಮೇಲೆ ನೆಡಲಿಲ್ಲ, ಈಚೆ ದಡದಲ್ಲಿ ನಮ್ಮ ಮನೆಯ ಮುಂದೆಯೇ ನೆಟ್ಟಿದ್ದಾರೆ. ಬಣ್ಣದ ಡಬ್ಬಿಯನ್ನು ರೋತಿಯಾ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ. ಮೊನ್ನೆ ಹುಣ್ಣಿಮೆಗೆ ನೀರು ಗೆರೆ ಮುಟ್ಟಿತು. ಆಫೀಸಿನವರು ಕೊಟ್ಟ ಹೊಸ ಬಸ್ಸನ್ನು ತಮ್ಮ ಹೊರಗೆ ತೆಗೆಯಲಿಲ್ಲ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು.

"ಸ್ವಲ್ಪ ಮೇಲಕ್ಕೆ ಎಳಿಯಪ್ಪಾ ಬ್ವೆರೇಟಿ. ನಾವೂ ಪೇಟೆಗೆ ಹೋಗ್ಬೇಕಲ್ಲ?"

ಅವನು ನನ್ನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ.

"ನೋಡೋಣ," ಅಂದ.

ರೋತಿಯಾ ಎದ್ದು ಒಳಗೆ ಹೋಗಿ ಆ ಮಂಚದ ಮೇಲೆ ಕೂತಳು.